ಆಟಿಯ ಕಷಾಯ ಮತ್ತು ನನ್ನ ಕರುಳು

ಹೃದಯದ ಕಾಯಿಲೆಯಾದರೆ ಹೇಳಿಕೊಳ್ಳಲು ಒಂದು ಗೌರವವಿದೆ. ಸಕ್ಕರೆ ಕಾಯಿಲೆಯ ಬಗ್ಗೆ ಮದುವೆ ಊಟದ ಪಂಕ್ತಿಯಲ್ಲೂ ಮಾತಾಡಬಹುದು. ನನ್ನದು ದೊಡ್ಡ ಕರುಳಿನ ಕಾಯಿಲೆ. ಹೇಳಲು ಹೊರಟರೆ ಎರಡನೇ ವಾಕ್ಯಕ್ಕೇ ಕಕ್ಕಸಿನ ಸುದ್ದಿ ಬರುತ್ತದೆ, ಎದುರಿಗಿದ್ದವರು ಕೈಯಲ್ಲಿದ್ದ ಚಹಾ ಕೆಳಗಿಡುತ್ತಾರೆ. ಹಾಗಾಗಿ ತುಂಬ ಸಮಯ "ಹೊಟ್ಟೆಯದ್ದು ಸ್ವಲ್ಪ ತೊಂದರೆ" ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ಆದರೆ ಮಂಗಳೂರಿನ ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ, ನನ್ನ ಹಾಗೆಯೇ ರಕ್ತ ಕಂಡು ಹೆದರಿ, ಆಮೇಲೆ ಬದುಕಿ ಮನೆಗೆ ಹೋದವರು ಒಬ್ಬರಾದರೂ ಪಕ್ಕದಲ್ಲಿ ಕೂತು ಮಾತಾಡಿದ್ದರೆ ಸಾಕಿತ್ತು ಎಂದು ಅನ್ನಿಸಿತ್ತು. ಯಾರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಹಾ ಕುಡಿಯುತ್ತಿದ್ದರೆ ಮೊದಲು ಕುಡಿದು ಮುಗಿಸಿ.

ನಮ್ಮ ಮನೆ ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ. ನಾನು ವಿಮಾ ಏಜೆಂಟ್. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಒಂದು ದಿನ ಬೆಳ್ತಂಗಡಿ ಕಡೆ, ಇನ್ನೊಂದು ದಿನ ಮೂಡುಬಿದಿರೆ ಕಡೆ. ಒಂದು ಜಾಗದಲ್ಲಿ ಕೂರುವ ಜಾಯಮಾನವೇ ನನ್ನದಲ್ಲ. ಕೂತರೆ ಕಾಲು ಅಲ್ಲಾಡಿಸುತ್ತೇನೆ, ಟಿವಿ ನೋಡುವಾಗ ಬೀನ್ಸ್ ಮುರಿಯುತ್ತೇನೆ. ನನ್ನ ಗಂಡ ಜಗದೀಶ ಇದಕ್ಕೆ ತದ್ವಿರುದ್ಧ. ಬಿ.ಸಿ.ರೋಡಿನಲ್ಲಿ ಅವರದ್ದು ಪಂಪ್ ರಿಪೇರಿ ಅಂಗಡಿ. ಒಂದು ಮೋಟಾರಿನ ಮುಂದೆ ಕೂತರೆ ಊಟಕ್ಕೆ ಏಳಿ ಎಂದು ಫೋನ್ ಮಾಡಿ ಎಬ್ಬಿಸಬೇಕು. ಮನೆಯಲ್ಲಿ ನಮ್ಮಿಬ್ಬರ ಜತೆ ಅತ್ತೆ ಇದ್ದಾರೆ. ಅವರಿಗೆ ವಯಸ್ಸಾಗಿದ್ದರೂ ಅಡುಗೆಮನೆಯ ಅಧಿಕಾರವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ತಿರುಗಾಟದ ಕೆಲಸ ಮಾಡುವ ಹೆಂಗಸರಿಗೆ ಒಂದು ಲೆಕ್ಕಾಚಾರ ಗೊತ್ತಿರುತ್ತದೆ. ನೀರು ಕುಡಿದರೆ ಹೋಗಬೇಕು, ದಾರಿಯಲ್ಲಿ ಹೋಗಲು ಸರಿಯಾದ ಜಾಗವಿಲ್ಲ, ಆದ್ದರಿಂದ ಕುಡಿಯಬಾರದು. ಗಂಡಸರು ಎಲ್ಲಾದರೂ ಬೈಕ್ ನಿಲ್ಲಿಸಿ ತಿರುಗಿ ನಿಂತರಾಯಿತು. ನಾವು ಸಂಜೆವರೆಗೆ ತಡೆದುಕೊಳ್ಳುತ್ತೇವೆ, ಎಲ್ಲವನ್ನೂ. ವರ್ಷಗಟ್ಟಲೆ ತಡೆದುಕೊಂಡರೆ ಕರುಳು ಏನು ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಿಪಿ ಇದೆ ಎಂದು ಗೊತ್ತಾಗಿ ಕೆಲವು ವರ್ಷಗಳಾಗಿತ್ತು. ಅದಕ್ಕೆ ಕೊಟ್ಟ ಮಾತ್ರೆ ಪದೇ ಪದೇ ಮೂತ್ರಕ್ಕೆ ಓಡಿಸುವಂಥದ್ದು. ದೂರದ ದಾರಿ ಇದ್ದ ದಿನ ಅದನ್ನು ಡಬ್ಬಿಯಲ್ಲೇ ಬಿಟ್ಟು ಹೋಗುವುದು ಅಭ್ಯಾಸವಾಯಿತು. ನನಗೆ ಎಲ್ಲಾ ದಿನವೂ ದೂರದ ದಾರಿಯೇ. ಸ್ಕೂಟರಿನ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದೆ. ಇದನ್ನೆಲ್ಲ ಯಾರಿಂದಲೂ ಮುಚ್ಚಿಟ್ಟದ್ದಲ್ಲ. ನನ್ನಂಥವರೆಲ್ಲ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ.

ಆಟಿ ಎಂದರೆ ತುಳುವರಿಗೆ ಮಳೆಗಾಲದ ನಡುವಿನ ತಿಂಗಳು. ಆಟಿ ಅಮಾವಾಸ್ಯೆಯಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ವರ್ಷವಿಡೀ ಕಾಯಿಲೆ ಬಾರದು ಎಂಬ ನಂಬಿಕೆ. ತೊಗಟೆಗೆ ನಾವು ಕೆತ್ತೆ ಎನ್ನುತ್ತೇವೆ. ಅದಕ್ಕೆ ಕತ್ತಿ ತಾಗಿಸಬಾರದು, ಬೆಳಕು ಹರಿಯುವ ಮೊದಲು ಹೋಗಿ ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಆ ಹೊತ್ತಿಗೆ ಮರ ಸರಿಯಾಗಿ ಕಾಣುವುದಿಲ್ಲವಲ್ಲ, ಅದಕ್ಕೆ ಹಿಂದಿನ ಸಂಜೆಯೇ ಹೋಗಿ ಮರವನ್ನು ಗುರುತಿಸಿ ನೂಲು ಕಟ್ಟಿ ಬರುವುದು ಪದ್ಧತಿ. ತಪ್ಪಿ ಕಾಸರಕದ ಮರಕ್ಕೆ ಕೈ ಹಾಕಿದರೆ ಅದು ವಿಷ. ಅಂಥ ಸಾವುಗಳ ಕತೆಗಳನ್ನು ಕೇಳಿಕೊಂಡೇ ನಾವೆಲ್ಲ ದೊಡ್ಡವರಾದದ್ದು. ನಮ್ಮ ಮನೆಗೂ ಆಚೀಚೆಯ ಎರಡು ಮನೆಗಳಿಗೂ ಕೆತ್ತೆ ತರುವವರು ಇವರೇ, ನನ್ನ ಗಂಡ.

ಆ ವರ್ಷ ಹಿಂದಿನ ಸಂಜೆ ಗುರುವಾಯನಕೆರೆಯ ಹತ್ತಿರ ನನ್ನ ಸ್ಕೂಟರ್ ಕೆಟ್ಟು ನಿಂತಿತು. ಇವರಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚಿ ಹಳೆಯ ವ್ಯಾನಿನಲ್ಲಿ ಬಂದು ನನ್ನನ್ನೂ ಸ್ಕೂಟರನ್ನೂ ತುಂಬಿಸಿಕೊಂಡು ಮನೆ ತಲುಪುವಾಗ ಕತ್ತಲಾಗಿತ್ತು. ಮಗ ನೂಲಿನುಂಡೆ ಮುಟ್ಟದೆ ಇದ್ದದ್ದನ್ನು ಕಂಡು ಅತ್ತೆ ಕೇಳಿದರು.

"ನೂಲು ಕಟ್ಟಿ ಬರುವುದಿಲ್ವಾ ಜಗ್ಗು?"

"ಆ ಮರ ನನಗೆ ಗೊತ್ತಿಲ್ವಾ ಅಮ್ಮ? ಕಣ್ಣು ಮುಚ್ಚಿಕೊಂಡು ಹೋದರೂ ಸಿಗ್ತದೆ" ಎಂದು ಇವರು ಕೈಕಾಲು ತೊಳೆಯಲು ಹೋದರು.

ಬೆಳಿಗ್ಗೆ ಕೆತ್ತೆ ಬಂತು. ಅತ್ತೆ ಬೆಳ್ಳುಳ್ಳಿ, ಓಮ, ಕಾಳುಮೆಣಸು ಹಾಕಿ ಅರೆದು ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದಕ್ಕೆ ಇಳಿಸಿದರು. ಚುಂಯ್ ಎಂದು ಹಬೆ ಎದ್ದಿತು. ಎಲ್ಲರೂ ಮೂಗು ಹಿಡಿದು ಒಂದೊಂದು ಚಿಕ್ಕ ಲೋಟ ಕುಡಿದೆವು, ಇವರೂ ಕುಡಿದರು. ಕಹಿ ಎಂದರೆ ಕಿವಿಯವರೆಗೆ ಕಹಿ. ಅದರ ಉಷ್ಣ ಇಳಿಯಲೆಂದು ಮೆಂತೆ ಗಂಜಿ ಬಡಿಸುವ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಎದ್ದು ಓಡಿದೆ.

ಕೆಂಪು. ಒಂದು ಗೆರೆಯಲ್ಲ, ನಾಲ್ಕು ಹನಿಯಲ್ಲ. ಇಡೀ ಕೆಂಪು. ಹಿಂಡಿದ್ದು ಬಿಟ್ಟರೆ ನೋವು ಎಂಬುದೇ ಇರಲಿಲ್ಲ, ಅದು ಇನ್ನೂ ಹೆದರಿಸಿತು. ನೋಯುತ್ತಿದ್ದರೆ ಇಂಥಲ್ಲಿ ಗಾಯವಾಗಿದೆ ಎಂದಾದರೂ ಗೊತ್ತಾಗುತ್ತಿತ್ತು. ನೀರು ಹಾಕಿದೆ, ಮತ್ತೆ ಹಾಗೆಯೇ ಬಂತು. ಬಾಗಿಲು ತೆರೆದಾಗ ಎದುರಿಗೇ ಇವರು ನಿಂತಿದ್ದರು. ನನ್ನ ಮುಖ ನೋಡಿದರು, ಹಿಂದೆ ನೋಡಿದರು.

"ನಾನು ನೂಲು ಕಟ್ಟಲಿಲ್ಲ" ಎಂದರು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿ, ನಿಲ್ಲಬೇಡಿ, ಸೀದಾ ಮಂಗಳೂರಿಗೆ ಹೋಗಿ ಎಂದರು. ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿ ಹೋಗುವಾಗ ನನ್ನ ಕಾಲ ಬಳಿ ಏನೋ ಡಬಡಬ ಸದ್ದು. ಉಳಿದ ಕಷಾಯದ ಪಾತ್ರೆ. ಇವರು ಅದಕ್ಕೆ ಮುಚ್ಚಳ ಕಟ್ಟಿ ಜತೆಗೇ ತಂದಿದ್ದರು, ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೆತ್ತೆಯ ಚೂರುಗಳು. ತುರ್ತು ವಿಭಾಗದಲ್ಲಿ ನನ್ನನ್ನು ಮಂಚಕ್ಕೆ ಹಾಕಿ ಸೂಜಿ ಚುಚ್ಚುತ್ತಿದ್ದರೆ ಇವರು ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಡ್ಯೂಟಿಯ ಹುಡುಗಿ ಡಾಕ್ಟರು ಹೊರ ಜಿಲ್ಲೆಯವಳು, ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿರಿಯ ಡಾಕ್ಟರೊಬ್ಬರು ಬಂದರು. ಪಾತ್ರೆಯ ಮುಚ್ಚಳ ತೆಗೆದು ಮೂಸಿದರು.

"ಪಾಲೆದ ಕಷಾಯ, ಹಾಲೆಯದ್ದೇ. ನಾನೂ ಇವತ್ತು ಬೆಳಿಗ್ಗೆ ಕುಡಿದೇ ಬಂದದ್ದು" ಎಂದರು.

"ಇದು ಕಾಸರಕ ಆಗಿದ್ದರೆ ಸಾರ್?" ಇವರು ಕೇಳಿದರು.

"ಆಗಿದ್ದರೆ ಇವರಿಗೆ ಸೆಳೆತ ಬರ್ತಿತ್ತು ಮಾರಾಯ್ರೆ, ಹೀಗೆ ರಕ್ತ ಹೋಗ್ತಿರಲಿಲ್ಲ. ನಿಮಗೂ ಬರ್ತಿತ್ತು. ಅದನ್ನು ಎಲ್ಲಾದರೂ ಇಟ್ಟು ಬನ್ನಿ, ಇವರ ಕೈ ಹಿಡ್ಕೊಳ್ಳಿ."

ಇಟ್ಟು ಬಂದರು. ಕೈ ಹಿಡಿಯಲಿಲ್ಲ.

ಆಮೇಲಿನದ್ದು ಕಾಯುವಿಕೆ. ರಕ್ತ ನಿಲ್ಲಲು ಕಾಯುವುದು, ಬಿಪಿ ಇಳಿಯಲು ಕಾಯುವುದು, ಒಂದು ಬಾಟಲಿ ರಕ್ತ ನನ್ನೊಳಗೆ ಹೋಗುವುದನ್ನು ನೋಡುತ್ತ ಕಾಯುವುದು. ಅಲುಗಾಡದೆ ಮಲಗಬೇಕೆಂದು ನನಗೆ ಹೇಳುವುದು, ಕಪ್ಪೆಯನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಮಲಗಿದಲ್ಲಿಂದಲೇ ಪಕ್ಕದ ಮಂಚದವರ ವಿಮೆಯ ವಿಷಯ ವಿಚಾರಿಸಿದೆ. ಕ್ಯಾನ್ಸರ್ ಇರಬಹುದೇ ಎಂಬ ಒಂದು ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಮೊದಲು ಹೊಟ್ಟೆ ತೊಳೆಯಲು ಒಂದು ದೊಡ್ಡ ಜಗ್ಗಿನ ತುಂಬ ಮದ್ದಿನ ನೀರು ಕೊಟ್ಟರು. ಉಪ್ಪು, ಸಿಹಿ, ನಿಂಬೆಯ ಸುಳ್ಳು ವಾಸನೆ. ಕುಡಿದು ಮುಗಿಸುವಾಗ ಅತ್ತೆಯ ಕಷಾಯವೇ ಅಮೃತ ಅನ್ನಿಸಿತು.

ಕನ್ಯಾನದಿಂದ ನನ್ನ ನಾದಿನಿ, ಇವರ ತಂಗಿ, ನೋಡಲು ಬಂದಳು. ಒಳ್ಳೆಯವಳೇ, ಬಾಯಿಗೆ ಮಾತ್ರ ಬಾಗಿಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಅವಳು ಮಾತಾಡಿದ್ದು ನನಗೆ ಒಳಗೆ ಕೇಳಿತು.

"ನೀನು ನೂಲು ಕಟ್ಟಲಿಲ್ಲ ಅಂತ ಅಮ್ಮ ಹೇಳಿದರು ಅಣ್ಣ. ಅದು ಹೇಗೆ ಮರೆತು ಹೋಯ್ತು ನಿನಗೆ?"

ಮರೆತದ್ದಲ್ಲ, ನನ್ನ ಕೆಟ್ಟ ಸ್ಕೂಟರಿಗಾಗಿ ಬಂದದ್ದು ಎಂದು ಎದ್ದು ಹೋಗಿ ಹೇಳಬೇಕೆಂದಿತ್ತು. ಕೈಯಲ್ಲಿ ಸೂಜಿ, ಹೊಟ್ಟೆಯಲ್ಲಿ ಜಗ್ಗಿನ ನೀರು, ಎಲ್ಲಿ ಏಳುವುದು? ಎದ್ದೆ, ಆದರೆ ಓಡಿದ್ದು ಬೇರೆ ಕಡೆಗೆ.

ಪರೀಕ್ಷೆ ಆದ ಮೇಲೆ ಅದೇ ಹಿರಿಯ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಕ್ಯಾನ್ಸರ್ ಅಲ್ಲ. ದೊಡ್ಡ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ಚೀಲಗಳು ಎದ್ದಿವೆ, ಡೈವರ್ಟಿಕುಲಾ ಎಂದು ಹೆಸರು. ಅದರಲ್ಲಿ ಒಂದರ ರಕ್ತನಾಳ ಒಡೆದಿದೆ. ಈಗ ನಿಂತಿದೆ, ಆಪರೇಷನ್ ಸದ್ಯಕ್ಕೆ ಬೇಡ. ಚೀಲಗಳು ಇನ್ನು ಹೋಗುವುದಿಲ್ಲ, ಅವುಗಳ ಜತೆಗೇ ಬದುಕಬೇಕು.

"ಬಿಪಿಗೂ ಇದಕ್ಕೂ ಸಂಬಂಧ ಉಂಟಾ ಸಾರ್?" ನಾನು ಕೇಳಿದೆ.

"ಬಿಪಿ ಇದ್ದವರಲ್ಲಿ ಹೀಗೆ ರಕ್ತ ಹೋಗುವುದು ಜಾಸ್ತಿ ಕಾಣ್ತದೆ. ನೋವಿನ ಮಾತ್ರೆ ನುಂಗುವವರಲ್ಲೂ ಹಾಗೆ. ಇದರಿಂದಲೇ ಅದು ಆಯ್ತು ಅಂತ ಬೆರಳು ತೋರಿಸ್ಲಿಕ್ಕೆ ನನಗೆ ಆಗುವುದಿಲ್ಲ. ಆದರೆ ಬಿಪಿ ಮಾತ್ರೆ ಬಿಡಬೇಡಿ, ಆ ನೋವಿನದ್ದು ಮುಟ್ಟಬೇಡಿ. ಮೂತ್ರಕ್ಕೆ ಓಡಿಸುವುದು ಕಷ್ಟ ಅಂತ ಮೊದಲೇ ಹೇಳಿದ್ದರೆ ಬೇರೆ ಮಾತ್ರೆ ಕೊಡ್ತಿದ್ದರಲ್ಲ?"

ಮಾತ್ರೆ ಬದಲಾಗಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಇವರು ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಕೂತಿದ್ದರು.

"ಕೆತ್ತೆ, ಸಾರ್?"

"ಗಂಟಲಿಂದ ಇಳಿದದ್ದು ಅಷ್ಟು ಬೇಗ ದೊಡ್ಡ ಕರುಳಿಗೆ ಮುಟ್ಟುವುದೂ ಇಲ್ಲ. ನಿಮ್ಮ ಕೆತ್ತೆಯನ್ನು ಬಿಟ್ಟುಬಿಡಿ."

ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಇವರು ಹೇಳಿದರು, "ಅವರು ನಮ್ಮ ಸಮಾಧಾನಕ್ಕೆ ಹೇಳಿದ್ದು."

ಮನೆಗೆ ಬಂದ ಮೇಲೆ ಶುರುವಾಯಿತು ನನ್ನ ನಿಜವಾದ ಕಾಯಿಲೆ. ಪ್ರತಿ ಸಲ ಕಕ್ಕಸಿಗೆ ಹೋದಾಗಲೂ ತಿರುಗಿ ನೋಡುವುದು. ಬೀಟ್‌ರೂಟ್ ತಿಂದ ಮಾರನೆಯ ದಿನ ಕಿರುಚಿ ಮನೆಯವರನ್ನೆಲ್ಲ ಸೇರಿಸಿದ್ದೂ ಆಯಿತು. ಬಿಪಿ ನೋಡುವ ಮಿಷನ್ ತಂದೆವು, ಅದು ಇನ್ನೊಂದು ಶನಿ. ಒಮ್ಮೆ ನೋಡುವುದು, ಜಾಸ್ತಿ ತೋರಿಸಿತೆಂದು ಗಾಬರಿಯಾಗುವುದು, ಗಾಬರಿಗೆ ಅದು ಇನ್ನೂ ಏರುವುದು, ಮತ್ತೆ ನೋಡುವುದು. ಕೊನೆಗೆ ಅತ್ತೆ ಅದನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟು, ಬೆಳಿಗ್ಗೆ ಒಂದು ಸಲ ಮಾತ್ರ ಹೊರಗೆ ತೆಗೆಯತೊಡಗಿದರು. ಕರುಳಿನ ಚೀಲಕ್ಕೆ ಬೀಜ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಹಾಗೇನಿಲ್ಲ, ಎಲ್ಲ ತಿನ್ನಬಹುದು ಎಂದು ಡಾಕ್ಟರು ಹೇಳಿದರೂ ಕೇಳದೆ, ಕನ್ನಡಕ ಹಾಕಿಕೊಂಡು ಕೂತು ನನಗಾಗಿ ತೊಂಡೆಕಾಯಿಯ ಬೀಜ ತೆಗೆಯುತ್ತಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಆ ಪಲ್ಯ ತಿಂದೆ.

ಇವರ ವಿಷಯ ಬೇರೆ. ಮೊದಲೆಲ್ಲ ಬೆಳಗಿನ ಚಹಾ ಮಾಡಿ ನನಗೆ ತಂದು ಕೊಡುತ್ತಿದ್ದವರು, ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಕೈಯಿಂದ ನನಗೆ ತಿನ್ನಲು ಕುಡಿಯಲು ಏನನ್ನೂ ಕೊಡಲಿಲ್ಲ. ಮಾತ್ರೆಗೆ ನೀರು ಬೇಕೆಂದರೂ "ಅಮ್ಮ, ವಸಂತಿಗೆ ನೀರು ಬೇಕಂತೆ" ಎನ್ನುತ್ತಿದ್ದರು. ನನಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ತಿಳಿದ ದಿನ ತಲೆ ಕೆಟ್ಟು ಹೋಯಿತು.

"ನಿಮ್ಮ ಕೈಯಲ್ಲಿ ವಿಷ ಉಂಟಾ?" ಎಂದು ಕೂಗಿದೆ.

"ನೀನು ಸತ್ತಿದ್ದರೆ ನಾನು ಎಂತ ಮಾಡಬೇಕಿತ್ತು ವಸಂತಿ?"

"ಸಾಯಲಿಲ್ಲ ಅಲ್ವಾ? ಡಾಕ್ಟರು ಹೇಳಿದರಲ್ಲ, ಕೆತ್ತೆ ಅಲ್ಲ ಅಂತ?"

"ಹೇಳಿದರು."

ಅಷ್ಟೇ. ಇವರು ಮರ ತಿಳಿದ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದರಂತೆ. ಹಾಲೆಯೇ, ಸಂಶಯವಿಲ್ಲ ಎಂದರಂತೆ ಅವರು. ಆದರೆ ಪಕ್ಕದಲ್ಲಿ ಇನ್ನೊಂದು ಮರವೂ ಇತ್ತು, ಆ ದಿನ ಕತ್ತಲಲ್ಲಿ ತಾನು ಎರಡಕ್ಕೂ ಕೈ ಹಾಕಿರಬಹುದು ಎಂಬುದು ಇವರ ವಾದ. ಉಳಿದವರಿಗೆ ಯಾಕೆ ಏನೂ ಆಗಲಿಲ್ಲ ಎಂದರೆ, ಕೆಟ್ಟ ಚೂರಿನ ರಸ ನಿನ್ನ ಲೋಟಕ್ಕೇ ಬಿದ್ದಿರಬೇಕು ಎನ್ನುತ್ತಿದ್ದರು. ಇಂಥವರ ಜತೆ ಎಂತ ವಾದ ಮಾಡುವುದು? ನನಗೆ ರಕ್ತ ನಿಂತಿತ್ತು, ಇವರಿಗೆ ನಿಂತಿರಲಿಲ್ಲ. ಅದು ನನಗೆ ನನ್ನ ಕರುಳಿಗಿಂತ ಹೆಚ್ಚು ಸಂಕಟ ಕೊಟ್ಟಿತು. ಮುಂದಿನ ಆಟಿ ಅಮಾವಾಸ್ಯೆಗೆ ಇವರು ಮನೆಯಿಂದ ಹೊರಗೆ ಹೋಗಲಿಲ್ಲ. ಆಚೀಚೆ ಮನೆಯವರು ಬೇರೆ ಕಡೆಯಿಂದ ಕೆತ್ತೆ ತರಿಸಿಕೊಂಡರು, ನಮ್ಮಲ್ಲಿಗೆ ಸುಮ್ಮನೆ ಒಂದು ಮಾತು ಹೇಳಲೂ ಬರಲಿಲ್ಲ. ಕಷಾಯವೇ ಇಲ್ಲದ ಮನೆಯಲ್ಲಿ ಅತ್ತೆ ಯಾರಿಗೂ ಬೇಡವಾದ ಮೆಂತೆ ಗಂಜಿಯನ್ನು ಮಾಡಿ, ತಾವೇ ಎರಡು ಬಟ್ಟಲು ಉಂಡರು.

ನಾನು ಮತ್ತೆ ಸ್ಕೂಟರ್ ಹತ್ತಿದೆ. ಹೊಸ ಮಾತ್ರೆ ಓಡಿಸುವಂಥದ್ದಲ್ಲ. ಆದರೆ ಈಗ ನೀರು ಕುಡಿಯಲೇಬೇಕು, ನಾರಿನ ಪದಾರ್ಥ ತಿನ್ನಲೇಬೇಕು, ಬಂದಾಗ ತಡೆಯಬಾರದು. ಅಂದರೆ ಹೋದಲ್ಲೆಲ್ಲ ನಾಚಿಕೆ ಬಿಟ್ಟು ಬಾತ್‌ರೂಮ್ ಕೇಳಬೇಕು. ಮೊದಲು ಕೇಳಿದ್ದು ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ, ಜಮೀಲಾಳ ಮನೆಯಲ್ಲಿ. ಅವಳ ಗಂಡ ಗಲ್ಫಿನಲ್ಲಿ, ಅವರ ಪಾಲಿಸಿಗಳೆಲ್ಲ ನನ್ನ ಮೂಲಕವೇ. ಎಷ್ಟೋ ವರ್ಷದಿಂದ ಅವಳ ಜಗಲಿಯಲ್ಲಿ ಕೂತು, ಕೊಟ್ಟ ಶರಬತ್ತನ್ನು ಒಂದೇ ಗುಟುಕು ಕುಡಿದು ಇಟ್ಟು ಬಂದವಳು ನಾನು. ಕಾರಣ ಕೇಳಿ ಅವಳು ಸೊಂಟಕ್ಕೆ ಕೈಯಿಟ್ಟಳು.

"ಇಷ್ಟು ವರ್ಷದಿಂದ ಬರ್ತೀರಿ, ಒಂದು ಸಲ ಕೇಳ್ಲಿಕ್ಕೆ ಎಂತ ವಸಂತಿಯಕ್ಕ? ಬಾತ್‌ರೂಮ್ ಎಂತ ನಿಮ್ಮ ಪಾಲಿಸಿಯಾ, ಸತ್ತ ಮೇಲೆ ಸಿಗ್ಲಿಕ್ಕೆ?"

ಹಾಗೆ ಒಂದೊಂದೇ ಮನೆ ಕೇಳುತ್ತ ಹೋದೆ. ಯಾರೂ ಇಲ್ಲ ಅನ್ನಲಿಲ್ಲ. ಇಬ್ಬರು ಹೆಂಗಸರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ತಮಗೂ ಹೀಗೇ ಎಂದು ಪಿಸುಗುಟ್ಟಿದರು. ಆಸ್ಪತ್ರೆಯ ಬೆಂಚಿನಲ್ಲಿ ನನಗೆ ಬೇಕಾಗಿದ್ದವರು ಇಷ್ಟು ದಿನ ಇಲ್ಲೇ ಇದ್ದರು.

ಇನ್ನು ಎರಡನೇ ಸಲದ್ದನ್ನು ಹೇಳಿ ಮುಗಿಸುತ್ತೇನೆ. ಓದುವವರಲ್ಲಿ ಇದೇ ಕಾಯಿಲೆಯವರಿದ್ದರೆ ಹೆದರುವುದು ಬೇಡವೆಂದು ಮೊದಲೇ ತಿಳಿಸುತ್ತೇನೆ: ಅದು ಆಸ್ಪತ್ರೆಯಲ್ಲಿ ತಾನಾಗಿ ನಿಂತಿತು, ರಕ್ತ ಕೊಡುವ ಅಗತ್ಯವೂ ಬೀಳಲಿಲ್ಲ. ಬಿಪಿ ಹತೋಟಿಯಲ್ಲಿದ್ದರೂ ಹೀಗೆ ಮರುಕಳಿಸುವುದುಂಟಂತೆ. ಈಗ ಆರಾಮವಾಗಿದ್ದೇನೆ, ನನ್ನ ಮಟ್ಟಿನ ಆರಾಮ.

ಅದು ಚಳಿಗಾಲ ಮುಗಿಯುತ್ತಿದ್ದ ಸಮಯ, ಮಧ್ಯಾಹ್ನ. ಜಮೀಲಾಳ ಮನೆಯಲ್ಲೇ ಆಯಿತು. ಅದೇ ಹಿಂಡುವಿಕೆ, ಅದೇ ಕೆಂಪು. ಗೋಡೆಯ ಟೈಲ್ಸ್ ಹಿಡಿದುಕೊಂಡು, ಮುಗಿಯಿತು, ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡೆ. ಜಮೀಲಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತನ್ನ ಹೊಸ ನೈಟಿಯೊಂದನ್ನು ತಂದು ಕೊಟ್ಟಳು, ಸೋಫಾದ ಮೇಲೆ ಟವೆಲ್ ಹಾಸಿ ಮಲಗಿಸಿದಳು, ಇವರಿಗೆ ಫೋನ್ ಮಾಡಿದಳು. ಇವರು ಬರುವವರೆಗೆ ನನ್ನ ತಲೆ ಸವರುತ್ತ ಕೂತಿದ್ದಳು.

ಇವರು ಬಂದರು. ಇಬ್ಬರೂ ಹಿಡಿದು ನನ್ನನ್ನು ವ್ಯಾನಿಗೆ ಹತ್ತಿಸಿದರು. ಮಂಗಳೂರಿನ ದಾರಿ ಹಿಡಿದ ಮೇಲೆ ಕೇಳಿದರು, "ಬೆಳಿಗ್ಗೆ ಎಂತ ತಿಂದದ್ದು ನೀನು?"

"ಇಡ್ಲಿ. ಅತ್ತೆ ಮಾಡಿದ್ದು."

"ಮಾತ್ರೆ?"

"ತಪ್ಪಿಸಲಿಲ್ಲ."

"ಬೇರೆ ಎಂತದೂ ಕುಡೀಲಿಲ್ಲ? ಕಷಾಯ ಗಿಷಾಯ?"

"ಇಲ್ಲ, ಎಂತದೂ ಇಲ್ಲ."

ನಾನು ಒರಗಿಕೊಂಡಲ್ಲಿಂದ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅಷ್ಟು ಕಾಲದಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಗುತ್ತಿತ್ತು. ಹೆಂಡತಿಗೆ ರಕ್ತ ಹೋಗುತ್ತಿದೆ, ಈ ಮನುಷ್ಯನ ಮುಖದಲ್ಲಿ ನೆಮ್ಮದಿ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿಗೆ ಬಂದದ್ದು ಹೇಳಬೇಕೆಂದು ಉಸಿರು ಎಳೆದುಕೊಂಡೆ.

"ವಸಂತಿ, ಇದು ಆಟಿ ಅಲ್ಲ ಅಲ್ವಾ?" ಎಂದರು.

ಸ್ವರ ಒಡೆದಿತ್ತು. ಆಟಿ ಅಲ್ಲ ಎಂದು ಅವರಿಗೆ ಗೊತ್ತಿಲ್ಲವೇ? ಕೆತ್ತೆ ಮುಟ್ಟದೆಯೂ ರಕ್ತ ಹೋಯಿತು ಎಂಬುದನ್ನು ನನ್ನ ಬಾಯಿಂದಲೇ ಕೇಳಬೇಕಿತ್ತು.

"ಅಲ್ಲ. ನೀವಲ್ಲ" ಎಂದೆ. "ಈಗ ಕಣ್ಣು ಒರೆಸಿಕೊಂಡು ದಾರಿ ನೋಡಿ ಮಾರಾಯ್ರೆ, ನನಗೆ ಇನ್ನೂ ಬದುಕ್ಲಿಕ್ಕುಂಟು."